ಕೋಳಿಮರಿಗೆ ದೊಡ್ಡ ಗಾಯವಾದಾಗ: ಯಾವ ಲಕ್ಷಣಕ್ಕೆ ಏನು ಅರ್ಥ, ಮನೆಯಲ್ಲಿ ಎಷ್ಟು ಮಾಡಬಹುದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಮನೆಗಳಲ್ಲಿ ಕೋಳಿಗಳನ್ನು ಹಗಲಿಡೀ ಹಿತ್ತಿಲಿಗೆ ಬಿಟ್ಟು ಸಾಕುವುದೇ ಹೆಚ್ಚು. ಹೇಂಟೆ ಮರಿಗಳನ್ನು ಕರೆದುಕೊಂಡು ಅಡಿಕೆ ತೋಟಕ್ಕೆ ಇಳಿದರೆ ಮೇಲೆ ಗಿಡುಗ, ಕಾಗೆ. ಕೆಳಗೆ ಕೀರಿ, ಬೆಕ್ಕು, ನಾಯಿ. ಬಾಯಿಂದ ಬಿಡಿಸಿ ತಂದ ಮರಿ ಅಂಗೈಯಲ್ಲಿ ಉಸಿರಾಡುತ್ತಿದ್ದರೆ ಆಸೆ ಬಿಡಬೇಡಿ. ಕೋಳಿಯ ಚರ್ಮ ಬೇಗ ಕೂಡುತ್ತದೆ, ಮರಿಯ ಎಲುಬು ಎರಡು ಮೂರು ವಾರದಲ್ಲಿ ಬೆಸೆಯುತ್ತದೆ. ಗಾಯಕ್ಕಿಂತ ಹೆಚ್ಚಾಗಿ ಮರಿಯನ್ನು ಕೊಲ್ಲುವುದು ಮೊದಲ ಒಂದು ಗಂಟೆಯ ಚಳಿ, ಗಾಬರಿ, ಅವಸರದಲ್ಲಿ ಬಾಯಿಗೆ ಹೊಯ್ದ ನೀರು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ರಕ್ತ, ಆಮೇಲೆ ಬಿಸಿ, ಆಮೇಲೆ ಗಾಯ. ಔಷಧ ಕೊನೆಗೆ. ಇಲ್ಲಿ ಹೇಳಿರುವುದು ಒಂದು ವಾರದಿಂದ ಸುಮಾರು ಮೂರು ತಿಂಗಳವರೆಗಿನ ಮರಿಗಳಿಗೆ.

ಮುಟ್ಟುವ ಮೊದಲು ಎರಡು ಮಾತು. ಮರಿಯನ್ನು ಬಿಗಿಯಾಗಿ ಹಿಡಿಯಬೇಡಿ. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಎದೆ ಒತ್ತಿ ಹಿಡಿದರೆ ಗಾಯ ಚಿಕ್ಕದಿದ್ದರೂ ಉಸಿರು ಕಟ್ಟಿ ಸಾಯುತ್ತದೆ. ಇನ್ನೊಂದು ನಿಮ್ಮ ಬಗ್ಗೆ: ಬಿಡಿಸುವಾಗ ನಾಯಿಯೋ ಬೆಕ್ಕೋ ನಿಮಗೆ ಕಚ್ಚಿದರೆ, ಪರಚಿದರೆ, ಮರಿಯನ್ನು ಬೇರೆಯವರ ಕೈಗೆ ಕೊಟ್ಟು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.

ರಕ್ತ ಹರಿಯುತ್ತಿದೆ

100 ಗ್ರಾಂ ತೂಗುವ ಮರಿಯ ಮೈಯಲ್ಲಿ ಇರುವ ರಕ್ತವೇ 7ರಿಂದ 8 ಮಿಲಿ. ಅರ್ಧ ಟೀ ಚಮಚ ಹೋದರೆ ಮೂರನೇ ಒಂದು ಭಾಗ ಹೋದಂತೆ. ನೆಲದ ಮೇಲೆ ಸ್ವಲ್ಪವೇ ಕಾಣುತ್ತದೆ ಎಂದು ಸಮಾಧಾನ ಪಡುವ ಹಾಗಿಲ್ಲ.

ಒಗೆದ ಹತ್ತಿಬಟ್ಟೆ ಇಲ್ಲವೇ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಇಟ್ಟು ಬೆರಳ ತುದಿಯಿಂದ ಒತ್ತಿ. ಪೂರ್ತಿ 5 ನಿಮಿಷ, ಗಡಿಯಾರ ನೋಡಿಕೊಂಡು. ನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮೊದಲಿನಿಂದ ಶುರು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಉಗುರು ಮುರಿದದ್ದು, ಕೊಕ್ಕಿನ ತುದಿ ಹಾರಿದ್ದು ಆದರೆ ಕಾರ್ನ್‌ಫ್ಲೋರ್ ಅಥವಾ ಅರಶಿನ ಪುಡಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಆಳದ ಗಾಯಕ್ಕೆ ಮಾತ್ರ ಯಾವ ಪುಡಿಯೂ ಬೇಡ. ಒಳಗೆ ಗಟ್ಟಿ ಕಟ್ಟಿ, ಅದರಡಿ ಕೀವು ತುಂಬುತ್ತದೆ.

ರೆಕ್ಕೆಯಲ್ಲಿ ಹೊಸದಾಗಿ ಮೂಡುತ್ತಿರುವ ಗರಿಯ ಕಾಂಡದೊಳಗೆ ರಕ್ತ ಇರುತ್ತದೆ. ಅದು ಮುರಿದರೆ ಹನಿ ಹನಿಯಾಗಿ ಬಹಳ ಹೊತ್ತು ಸುರಿಯುತ್ತದೆ. ಅಲ್ಲಿಯೂ ಮೊದಲು ಒತ್ತುವುದೇ. ನಿಲ್ಲದಿದ್ದರೆ ಆ ಗರಿಯನ್ನು ಬುಡದಿಂದ ಕೀಳಬೇಕಾಗುತ್ತದೆ; ಎಳೆಯುವಾಗ ರೆಕ್ಕೆಯ ಎಲುಬೇ ಮುರಿಯಬಹುದಾದ್ದರಿಂದ ಕೈ ಪಳಗಿದವರಿಗೆ ಬಿಡಿ. ಎರಡು ಸಲ ಐದೈದು ನಿಮಿಷ ಒತ್ತಿಯೂ ನಿಲ್ಲದ ರಕ್ತಕ್ಕೆ ಮನೆಮದ್ದು ಇಲ್ಲ. ಒತ್ತಿ ಹಿಡಿದುಕೊಂಡೇ ಮೃಗಾಸ್ಪತ್ರೆಗೆ ಹೊರಡಿ.

ಕಣ್ಣು ಮುಚ್ಚಿ ಮುದುಡಿದೆ, ಕಾಲು ತಣ್ಣಗಿದೆ

ಇದು ಆಘಾತದ ಲಕ್ಷಣ. ಕೊಕ್ಕು ಮೆಲ್ಲಗೆ ತೆರೆದು ಬಾಯೊಳಗೆ ನೋಡಿ. ನಸುಗೆಂಪು ಇದ್ದರೆ ಒಳ್ಳೆಯದು. ಬಿಳಿಚಿದ್ದರೆ ರಕ್ತ ತುಂಬಾ ಹೋಗಿದೆ ಅಥವಾ ಒಳಗೇ ಸೋರುತ್ತಿದೆ. ಮರಿಗೆ ಜುಟ್ಟು ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಅದಕ್ಕೇ ಬಾಯಿ ನೋಡಬೇಕು.

ಈಗ ಮಾಡಬೇಕಾದದ್ದು ಕತ್ತಲೆ, ಬಿಸಿ, ಸದ್ದಿಲ್ಲದ ಜಾಗ. ರಟ್ಟಿನ ಪೆಟ್ಟಿಗೆಗೆ ಹಳೆಯ ಹತ್ತಿ ಸೀರೆಯ ತುಂಡು ಹಾಸಿ. ದಾರದ ಕುಣಿಕೆಗಳಿರುವ ಬೈರಾಸು ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬರೀ ಪೇಪರು ಹಾಸಿದರೆ ಕಾಲು ಜಾರಿ ಕವಲಾಗುತ್ತದೆ. ಕೋಳಿಯ ಮೈ ಬಿಸಿ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆದ್ದರಿಂದ ನಮಗೆ ಸೆಕೆ ಅನ್ನಿಸುವ ಜಾಗ ಗಾಯಗೊಂಡ ಮರಿಗೆ ಹಿತ. ಪೆಟ್ಟಿಗೆಯ ಒಂದು ಬದಿಯಲ್ಲಿ 30ರಿಂದ 32 ಡಿಗ್ರಿ ಇರಲಿ; ಮೊದಲ ವಾರದ ಮರಿಯಾದರೆ ಇನ್ನೂ ಎರಡು ಮೂರು ಡಿಗ್ರಿ ಹೆಚ್ಚು. ಇನ್ನೊಂದು ಬದಿ ತಣ್ಣಗಿರಬೇಕು, ಬಿಸಿ ಹೆಚ್ಚಾದರೆ ಅದು ಸರಿದುಕೊಳ್ಳಲಿ.

ಹಳೆಯ ಕಾಲದ ತಂತಿ ಬಲ್ಬು 40 ವಾಟಿನದು ಇದ್ದರೆ ಮರಿಯಿಂದ ಒಂದೂವರೆ ಅಡಿ ಎತ್ತರಕ್ಕೆ ಗಟ್ಟಿಯಾಗಿ ಕಟ್ಟಿ. ಬಟ್ಟೆ, ಬೈಹುಲ್ಲು ತಾಗಬಾರದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ರಾತ್ರಿಯಿಡೀ ಎಲ್‌ಇಡಿ ಅಡಿಯಲ್ಲಿಟ್ಟ ಮರಿ ಬೆಳಗಾಗುವಾಗ ಮರಗಟ್ಟಿರುತ್ತದೆ. ಆಟಿ ತಿಂಗಳ ಮಳೆಗೆ ಕರೆಂಟು ಹೋಗುವುದು ಗೊತ್ತೇ ಇದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಪಕ್ಕಕ್ಕಿಟ್ಟರೆ ಸಾಕು. ಎರಡು ಗಂಟೆಗೊಮ್ಮೆ ಬದಲಿಸಿ. ತಣ್ಣಗಾದ ಬಾಟಲಿ ಮರಿಯ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ.

ಅರ್ಧ ಗಂಟೆಯಿಂದ ಒಂದು ಗಂಟೆ ಮುಟ್ಟದೆ ಬಿಡಿ. ಗಾಯ ತೊಳೆಯುವ ಅವಸರ ಬೇಡ, ನೆರೆಮನೆಯ ಮಕ್ಕಳು ಬಂದು ಇಣುಕುವುದೂ ಬೇಡ. ಕಣ್ಣು ತೆರೆದು ತಲೆ ಎತ್ತಿದರೆ ಮುಂದಿನ ಕೆಲಸ. ಬಾಯಿ ತೆರೆದು ಏದುತ್ತಲೇ ಇದ್ದರೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಎದೆಯೊಳಗೆ ಪೆಟ್ಟಾಗಿದೆ. ಅಲ್ಲಿ ಮನೆಯ ಕೆಲಸ ಮುಗಿಯಿತು.

ಚರ್ಮ ಹರಿದು ಮಾಂಸ ಕಾಣುತ್ತಿದೆ

ಮೊದಲು ಗಾಯದ ಸುತ್ತ ಒಂದು ಸೆಂಟಿಮೀಟರ್ ಅಗಲಕ್ಕೆ ಗರಿಗಳನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಎಳೆದಾಗ ಚರ್ಮ ಇನ್ನಷ್ಟು ಹರಿಯುತ್ತದೆ. ಗರಿ ಸರಿದಾಗಲೇ ಗಾಯದ ನಿಜವಾದ ಅಳತೆ ತಿಳಿಯುವುದು. ಹೊರಗೆ ಕಡಲೆ ಕಾಳಿನಷ್ಟು ಕಂಡದ್ದು ಒಳಗೆ ಬೆನ್ನಿನುದ್ದಕ್ಕೂ ಚರ್ಮ ಬಿಟ್ಟುಕೊಂಡಿರಬಹುದು.

ಅರ್ಧ ಲೀಟರ್ ನೀರು ಕುದಿಸಿ, ಒಂದು ಸಣ್ಣ ಟೀ ಚಮಚ ಉಪ್ಪು ಮಟ್ಟಸವಾಗಿ ಹಾಕಿ ಉಗುರು ಬೆಚ್ಚಗಾಗಲು ಬಿಡಿ. 10 ಮಿಲಿಯ ಸಿರಿಂಜಿನಿಂದ ಸೂಜಿ ತೆಗೆದು, ಗಾಯದ ಬದಿಯಿಂದ ಓರೆಯಾಗಿ ನೀರು ಹಾಯಿಸಿ. ಮಣ್ಣು, ಗರಿಯ ತುಣುಕು, ನಾಯಿಯ ಜೊಲ್ಲು ಹೋಗುವವರೆಗೆ ನಾಲ್ಕೈದು ಸಿರಿಂಜು ಬೇಕಾಗುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ, ತೆಳು ಕಟ್ಟಂಚಾಯದ (ಹಾಲು ಹಾಕದ ಚಹಾದ) ಬಣ್ಣಕ್ಕೆ ಬಂದಾಗ ಅದರಿಂದ ಒಮ್ಮೆ ತೊಳೆಯಿರಿ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಅವು ಹೊಸ ಮಾಂಸವನ್ನೂ ಸುಡುತ್ತವೆ. ಮರಿ ಪೂರ್ತಿ ಒದ್ದೆಯಾಗದಂತೆ ನೋಡಿಕೊಂಡು ಮೆಲ್ಲಗೆ ಒರಸಿ, ಮತ್ತೆ ಬಿಸಿಯ ಪೆಟ್ಟಿಗೆಗೆ. ದಿನಕ್ಕೆ ಎರಡು ಸಲ ಹೀಗೆ.

ನೀರು ಹಾಯಿಸುವ ಮೊದಲೇ ನೋಡಬೇಕಾದದ್ದು ಒಂದಿದೆ: ಉಸಿರಿನ ಜೊತೆಗೆ ಗಾಯದಿಂದ ಗುಳ್ಳೆ ಏಳುತ್ತಿದೆಯೇ? ಹಾಗಿದ್ದರೆ ಗಾಳಿಚೀಲ, ಅಂದರೆ ಪುಪ್ಪುಸಕ್ಕೆ ಸೇರಿಕೊಂಡು ಮೈಯೊಳಗಿರುವ ಉಸಿರಿನ ಚೀಲ, ತೂತಾಗಿದೆ. ಅದಕ್ಕೆ ನೀರು ಬಿಟ್ಟರೆ ಮರಿ ಒಳಗಿನಿಂದ ಮುಳುಗಿದಂತೆ. ಒದ್ದೆ ಗಾಜ್ ಮುಚ್ಚಿ ವೈದ್ಯರ ಹತ್ತಿರ ಒಯ್ಯಿರಿ. ಕರುಳು ಹೊರಬಂದಿದ್ದರೂ ಹಾಗೆಯೇ, ಒಳಕ್ಕೆ ತಳ್ಳಬೇಡಿ. ಕತ್ತಿನ ಬುಡದ ಗಾಯದಿಂದ ಕುಡಿದ ನೀರು, ತಿಂದ ನುಚ್ಚು ಹೊರಗೆ ಬರುತ್ತಿದ್ದರೆ ಕಾಳಿನ ಚೀಲ ಹರಿದಿದೆ. ತಿನ್ನಿಸುವುದು ನಿಲ್ಲಿಸಿ, ಹೊಲಿಗೆ ಬೇಕು.

ತಲೆಯ ಚರ್ಮ ಸುಲಿದುಹೋಗಿ ಬುರುಡೆ ಬೆಳ್ಳಗೆ ಕಾಣುವುದು ನೋಡಲು ಭಯಂಕರ. ಬೇರೆ ಹೇಂಟೆಯ ಮರಿ ತನ್ನ ಗುಂಪಿಗೆ ನುಗ್ಗಿದರೆ ತಾಯಿಕೋಳಿ ಕುಕ್ಕಿ ಹೀಗೆ ಮಾಡುತ್ತದೆ. ಎಲುಬು ಒಡೆಯದೆ, ಮರಿ ಎಚ್ಚರವಾಗಿದ್ದು ತಿನ್ನುತ್ತಿದ್ದರೆ ಇದು ಆಶ್ಚರ್ಯವಾಗುವಷ್ಟು ಚೆನ್ನಾಗಿ ಗುಣವಾಗುತ್ತದೆ. ಮುಖ್ಯ ಶತ್ರು ಒಣಗುವಿಕೆ: ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಮುಲಾಮನ್ನು ತೆಳುವಾಗಿ ಸವರಿ ಹಸಿಯಾಗಿಡಿ. ಅಂಚಿನಿಂದ ನಸುಗೆಂಪು ಚರ್ಮ ದಿನಕ್ಕಿಷ್ಟು ಒಳಬರುವುದು ಕಣ್ಣಿಗೇ ಕಾಣುತ್ತದೆ. ಮೂರರಿಂದ ಐದು ವಾರ ಬೇಕು. ಮುಲಾಮು ಸುತ್ತಲಿನ ಗರಿಗೆ ಮೆತ್ತಬಾರದು, ಮೆತ್ತಿದ ಗರಿ ಬಿಸಿ ಹಿಡಿಯುವುದಿಲ್ಲ. ನೋವು ಮರಗಟ್ಟಿಸುವ ಮುಲಾಮುಗಳನ್ನು ಸಣ್ಣ ಮರಿಗೆ ಹಚ್ಚಲೇಬೇಡಿ, ಅದರ ತೂಕಕ್ಕೆ ಅವು ವಿಷವಾಗಬಹುದು.

ಬೆಕ್ಕು ಹಿಡಿದದ್ದಾದರೆ ಗಾಯ ಸೂಜಿಮೊನೆಯಷ್ಟೇ ಇದ್ದರೂ ದೊಡ್ಡ ಗಾಯವೆಂದೇ ಎಣಿಸಿ. ಬೆಕ್ಕಿನ ಹಲ್ಲಿನಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ, ಇಂದು ಓಡಾಡಿದ ಮರಿ ನಾಡಿದ್ದು ಸತ್ತಿರುತ್ತದೆ. ಅದೇ ದಿನ ಆಂಟಿಬಯೋಟಿಕ್ ಸಿಗಬೇಕು.

ಗಾಯದಲ್ಲಿ ಹುಳ, ಇರುವೆ

ನಮ್ಮ ಮಳೆಗಾಲಕ್ಕೆ ಇದು ತಪ್ಪಿದ್ದಲ್ಲ. ನೊಣ ಇಟ್ಟ ಮೊಟ್ಟೆ ರವೆಯ ಕಾಳಿನಂತೆ ಗುಂಪಾಗಿ ಗರಿಯ ಬುಡಕ್ಕೆ ಅಂಟಿರುತ್ತದೆ. ಒಂದೇ ದಿನದೊಳಗೆ ಒಡೆದು ಹುಳವಾಗುತ್ತದೆ. ಬೆಳಗ್ಗೆ ಸಂಜೆ ಗಾಯದ ಜೊತೆ ಗುದದ್ವಾರದ ಸುತ್ತಲೂ ನೋಡಿ, ಅಲ್ಲಿನ ಒದ್ದೆ ಗರಿಗೂ ನೊಣ ಬರುತ್ತದೆ. ಹುಳ ಕಂಡರೆ ಬೆಚ್ಚಗಿನ ಉಪ್ಪುನೀರು ಹಾಯಿಸಿ, ಮೇಲೆ ಬಂದವನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ಎರಡು ಗಂಟೆ ಬಿಟ್ಟು ಮತ್ತೊಮ್ಮೆ; ಒಳಗಿದ್ದವು ಆಗ ಹೊರಬರುತ್ತವೆ.

ದನದ ಹುಣ್ಣಿಗೆ ಹಾಕುವ ಟರ್ಪೆಂಟೈನ್, ಫಿನೈಲ್, ನುಸಿಗುಳಿಗೆಯ ಪುಡಿ ಕೋಳಿಗೆ ವಿಷ. ಹುಳ ಸಾಯುವುದು ನಿಜ, ಮರಿಯೂ ಸಾಯುತ್ತದೆ. ಹುಳ ಹೊಟ್ಟೆಯೊಳಕ್ಕೆ ಇಳಿದಿದ್ದರೆ ವೈದ್ಯರೇ ಬೇಕು. ಪೆಟ್ಟಿಗೆಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಸ್ಟೂಲಿನ ಮೇಲಿಟ್ಟು, ಅದರ ನಾಲ್ಕು ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ಇಡಿ. ಕೆಂಪಿರುವೆ ರಾತ್ರಿ ಹತ್ತಿದರೆ ಅಲುಗಾಡಲಾಗದ ಮರಿ ಉಳಿಯುವುದಿಲ್ಲ. ಜೇನು ಹಚ್ಚುವ ವಾಡಿಕೆ ಉಳ್ಳವರು ಈ ಕಾರಣಕ್ಕೇ ಇಲ್ಲಿ ಅದನ್ನು ಬಿಡುವುದು ಒಳ್ಳೆಯದು.

ಚರ್ಮ ಬಲೂನಿನಂತೆ ಉಬ್ಬಿದೆ

ನಾಯಿ ಅಮುಕಿದ ಮರುದಿನ ಕತ್ತು ಅಥವಾ ಬೆನ್ನಿನ ಚರ್ಮ ಉಬ್ಬಿ, ಒತ್ತಿದರೆ ಚರಚರ ಅನ್ನುತ್ತದೆ. ಒಳಗಿನ ಗಾಳಿಚೀಲದಿಂದ ಗಾಳಿ ಚರ್ಮದಡಿಗೆ ಸೋರಿದೆ ಎಂದರ್ಥ. ಸ್ವಲ್ಪವಿದ್ದು ಮರಿ ಚುರುಕಾಗಿದ್ದರೆ ಹಾಗೆಯೇ ಬಿಡಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಕತ್ತು ಆಡಿಸಲಾರದಷ್ಟು ಉಬ್ಬಿದರೆ ವೈದ್ಯರು ಶುದ್ಧ ಸೂಜಿಯಿಂದ ಗಾಳಿ ತೆಗೆಯುತ್ತಾರೆ. ಮನೆಯ ಹೊಲಿಗೆ ಸೂಜಿ ಚುಚ್ಚಬೇಡಿ.

ಒಂದು ಕಾಲು ಊರುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು: ಕಾಲನ್ನು ಬೆಳಕಿಗೆ ಹಿಡಿದು ಬೆರಳಿನ ಸಂದು, ಗೆಣ್ಣು (ಚಿಪ್ಪಿರುವ ಸಪೂರ ಕಾಲು ಶುರುವಾಗುವಲ್ಲಿ ಹಿಂದಕ್ಕೆ ಚಾಚಿದ ಕೀಲು) ಎಲ್ಲ ನೋಡಿ. ಪ್ಲಾಸ್ಟಿಕ್ ಗೋಣಿಯ ಎಳೆ, ತೆಂಗಿನ ನಾರು, ತಲೆಗೂದಲು ಸುತ್ತಿಕೊಂಡಿರುವುದು ಬಹಳ ಸಾಮಾನ್ಯ. ಎಳೆ ಚರ್ಮದೊಳಗೆ ಹುದುಗಿ ಕಾಣದೇ ಹೋಗುತ್ತದೆ. ಕಾಣುವುದು ಅದರ ಕೆಳಗಿನ ಊತ, ಮೇಲೆ ಒಂದು ತೆಳು ಗೆರೆ. ಬೆಚ್ಚಗಿನ ನೀರಲ್ಲಿ ಐದು ನಿಮಿಷ ಕಾಲು ನೆನೆಸಿ, ಆ ಗೆರೆಯಲ್ಲಿ ಸಣ್ಣ ಕತ್ತರಿಯ ಮೊಂಡು ತುದಿ ತೂರಿಸಿ ಎಳೆಯನ್ನು ಕತ್ತರಿಸಿ. ಎಷ್ಟು ಸುತ್ತು ಇವೆಯೋ ಅಷ್ಟನ್ನೂ. ಒಂದು ಉಳಿದರೂ ಬೆರಳು ಹೋಗುತ್ತದೆ.

ಎಳೆ ಇಲ್ಲವಾದರೆ ಎರಡು ಕಾಲನ್ನೂ ಹೋಲಿಸಿ. ಕೀಲು ಇಲ್ಲದ ಜಾಗದಲ್ಲಿ ಬಾಗಿದ್ದರೆ ಎಲುಬು ಮುರಿದಿದೆ. ನೆಟ್ಟಗಿದ್ದು ಬರೀ ಊದಿ ಬಿಸಿಯಾಗಿದ್ದರೆ ಉಳುಕು. ಓಡಾಡಲು ಬಿಡದೆ ಐದಾರು ದಿನ ಸಣ್ಣ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಗೆಣ್ಣು ಚಪ್ಪಟೆಯಾಗಿ ಊದಿ, ಅದರ ಕೆಳಗಿನ ಕಾಲು ಬದಿಗೆ ತಿರುಗಿದ್ದರೆ ಗೆಣ್ಣಿನ ಹಿಂದಿನ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ) ಜಾಗ ತಪ್ಪಿದೆ. ಇದು ಪೆಟ್ಟಿನಿಂದಲ್ಲದೆ ಮ್ಯಾಂಗನೀಸ್, ಕೋಲಿನ್ ಕೊರತೆಯಿಂದಲೂ ಆಗುತ್ತದೆ, ಮತ್ತು ಮೊದಲ ಒಂದೆರಡು ದಿನದಲ್ಲಿ ಮಾತ್ರ ಸರಿಪಡಿಸಲು ಸುಲಭ. ಗಾಯವೇ ಇಲ್ಲದೆ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದಿದ್ದರೆ ನರಗಳಿಗೆ ತಗಲುವ ಮಾರೆಕ್ಸ್ ಎಂಬ ವೈರಸ್ ರೋಗದ ಶಂಕೆ. ಆಗ ಕಟ್ಟು ಕಟ್ಟುವುದರಿಂದ ಪ್ರಯೋಜನವಿಲ್ಲ.

ಚಿಪ್ಪಿರುವ ಸಪೂರ ಕಾಲು ಮುರಿದದ್ದನ್ನು ಮನೆಯಲ್ಲಿ ಕಟ್ಟಬಹುದು. ಜ್ಯೂಸ್ ಕುಡಿಯುವ ಕೊಳವೆಯನ್ನು ಗೆಣ್ಣಿನಿಂದ ಪಾದದವರೆಗಿನ ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಸೀಳಿ. ಸ್ವಲ್ಪ ದೊಡ್ಡ ಮರಿಗೆ ಹಿಡಿಸೂಡಿ ಕಡ್ಡಿಯ ಎರಡು ತುಂಡು, ತುದಿ ಉಜ್ಜಿ ನುಣ್ಣಗೆ ಮಾಡಿದ್ದು. ಒಬ್ಬರು ಮರಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಹಿಡಿಯಲಿ, ಇನ್ನೊಬ್ಬರು ಪಾದವನ್ನು ಮೆಲ್ಲಗೆ ಎಳೆದು ಕಾಲು ನೆಟ್ಟಗೆ ಮಾಡಲಿ. ತೆಳುವಾದ ಹತ್ತಿಯ ಒಂದು ಪದರ, ಅದರ ಮೇಲೆ ಸೀಳಿದ ಕೊಳವೆ, ಅದರ ಮೇಲೆ ಅರ್ಧ ಇಂಚಿನ ಮೈಕ್ರೋಪೋರ್ ಟೇಪು (ಗಾಯದ ಕಟ್ಟಿಗೆ ಬಳಸುವ ಕಾಗದದಂಥ ಟೇಪು). ಬೆರಳುಗಳು ಹೊರಗೆ ಕಾಣಬೇಕು. ಒಂದು ಗಂಟೆ ಬಿಟ್ಟು ಮುಟ್ಟಿ: ತಣ್ಣಗಾಗಿದ್ದರೆ, ನೀಲಿಯಾಗಿದ್ದರೆ, ಊದಿದ್ದರೆ ತಕ್ಷಣ ಬಿಚ್ಚಿ ಸಡಿಲವಾಗಿ ಕಟ್ಟಿ. ಮರಿ ದಿನೇ ದಿನೇ ಬೆಳೆಯುವುದರಿಂದ ನಾಲ್ಕು ದಿನಕ್ಕೊಮ್ಮೆ ಕಟ್ಟು ಬದಲಿಸಲೇಬೇಕು. ಮರೆತರೆ ಕಟ್ಟೇ ಕಾಲನ್ನು ಕೊಲ್ಲುತ್ತದೆ. ಎರಡರಿಂದ ಮೂರು ವಾರಕ್ಕೆ ಬಿಚ್ಚಬಹುದು.

ತೊಡೆಯ ಎಲುಬಿಗೆ ಹೀಗೆ ಕಟ್ಟಲು ಬರುವುದಿಲ್ಲ. ಕಟ್ಟಿನ ಭಾರವೇ ಮುರಿದ ಜಾಗವನ್ನು ಎಳೆದು ಇನ್ನಷ್ಟು ಕೆಡಿಸುತ್ತದೆ. ಎಲುಬು ಚರ್ಮ ಸೀಳಿ ಹೊರಬಂದಿದ್ದರೂ ಮನೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ.

ರೆಕ್ಕೆ ಜೋತುಬಿದ್ದಿದೆ

ಇನ್ನೊಂದು ರೆಕ್ಕೆಯಂತೆಯೇ ಸಹಜವಾಗಿ ಮಡಚಿ, ಮೈಕ್ರೋಪೋರ್ ಟೇಪಿನಿಂದ ಎಂಟರ ಆಕಾರದಲ್ಲಿ ರೆಕ್ಕೆಗೆ ಮಾತ್ರ ಸುತ್ತಿ. ಮೈಗೂ ಸೇರಿಸಿ ಕಟ್ಟಬೇಕಾಗಿ ಬಂದರೆ ಎದೆಯ ಬಳಿ ಕಿರುಬೆರಳು ಸಲೀಸಾಗಿ ತೂರುವಷ್ಟು ಸಡಿಲ ಇರಲಿ. 10ರಿಂದ 14 ದಿನಕ್ಕಿಂತ ಹೆಚ್ಚು ಬೇಡ, ಕೀಲು ಗಟ್ಟಿಯಾಗುತ್ತದೆ. ರೆಕ್ಕೆ ವಕ್ರವಾಗಿ ಕೂಡಿದರೂ ಹಿತ್ತಿಲ ಕೋಳಿಯ ಬದುಕಿಗೆ ಅದು ಅಡ್ಡಿಯಲ್ಲ.

ಕತ್ತು ತಿರುಚಿದೆ, ಗಾಯ ಕಾಣುವುದಿಲ್ಲ

ತಲೆಗೆ ಪೆಟ್ಟು ಬಿದ್ದ ಮರಿ ಕತ್ತು ಹೊರಳಿಸಿ ಸುತ್ತುತ್ತದೆ. ಕತ್ತಲೆಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಚೇತರಿಸಬಹುದು. ಈ ಮರಿಗೆ ಬಿಸಿ ತೀರಾ ಹೆಚ್ಚು ಬೇಡ. ಆದರೆ ಎರಡನೇ ಮರಿಯೂ ಹಾಗೆ ಮಾಡಿದರೆ ಗಾಯದ ಮಾತು ಬಿಟ್ಟುಬಿಡಿ. ಕತ್ತು ತಿರುಚುವುದು, ಹಸಿರು ಭೇದಿ, ಗೊರಗೊರ ಉಸಿರು ಸೇರಿದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಕಾರಣವಿಲ್ಲದೆ ಹಲವು ಕೋಳಿ ಒಟ್ಟಿಗೆ ಸತ್ತರೆ ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟದೆ, ಸತ್ತದ್ದನ್ನು ತೋಡಿಗೆ ಎಸೆಯದೆ ಮೃಗಾಸ್ಪತ್ರೆಗೆ ತಿಳಿಸಿ. ಹಾಗೆಯೇ ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ ಕಪ್ಪು ಹಕ್ಕಳೆಗಳಿದ್ದರೆ ಅದು ಕುಕ್ಕಿದ ಗಾಯವಲ್ಲ, ಕೋಳಿ ಸಿಡುಬು. ಕೀಳಬೇಡಿ.

ಗಾಯದ ಸುತ್ತ ಹಸಿರಾಗಿದೆ

ಇದನ್ನು ಕಂಡು ಕೊಳೆತುಹೋಯಿತು ಎಂದು ಮರಿಯನ್ನು ಕೈಬಿಡುವವರು ಬಹಳ. ಕೋಳಿಯ ಮೈಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗುವಾಗ ಹಸಿರು ಬಣ್ಣವೇ ಉಳಿಯುವುದು. ನಮ್ಮಲ್ಲಿ ಆಗುವಂತೆ ಅದು ಹಳದಿಗೆ ತಿರುಗುವುದಿಲ್ಲ. ಎರಡು ಮೂರನೇ ದಿನ ಕಾಣುವ ಎಲೆಹಸಿರು ಕಲೆ ಬರೀ ಪೆಟ್ಟಿನ ಗುರುತು, ವಾರದಲ್ಲಿ ಮಾಸುತ್ತದೆ. ಹೆದರಬೇಕಾದದ್ದು ಕಪ್ಪಗೆ, ತಣ್ಣಗೆ, ಒಣಗಿದ ತೊಗಲಿನಂತಾದ ಚರ್ಮಕ್ಕೆ ಮತ್ತು ಕೆಟ್ಟ ವಾಸನೆಗೆ. ಕೋಳಿಯ ಕೀವು ನೀರಾಗಿ ಹರಿಯುವುದಿಲ್ಲ, ಗಿಣ್ಣಿನ ತುಂಡಿನಂತೆ ಹಳದಿ ಗಟ್ಟಿ. ಒತ್ತಿದರೆ ಬರದು, ವೈದ್ಯರು ಬಿಡಿಸಿ ತೆಗೆಯಬೇಕು.

ತಿನ್ನುತ್ತಿಲ್ಲ, ಕುಡಿಯುತ್ತಿಲ್ಲ

ಮೈ ಬಿಸಿಯಾಗುವ ಮೊದಲು ತಿನ್ನಿಸಬೇಡಿ. ಆಮೇಲೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಕೊಕ್ಕಿನ ಬದಿಗೆ ಒಂದು ಹನಿ ತಾಗಿಸಿ. ನುಂಗಿದ ಮೇಲೆ ಮುಂದಿನ ಹನಿ. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ, ಸಿರಿಂಜಿನಿಂದ ಒಮ್ಮೆಲೇ ಹೊಯ್ದರೆ ನೀರು ನೇರ ಪುಪ್ಪುಸಕ್ಕೆ. ತಲೆ ಎತ್ತಲಾರದ ಮರಿಗೆ ಬಾಯಿಗೆ ಏನೂ ಬೇಡ.

ತಿನ್ನಲು ಶುರುಮಾಡಿದರೆ ಮರಿಗಳ ಸ್ಟಾರ್ಟರ್ ಆಹಾರವನ್ನು ನೀರಲ್ಲಿ ಮೆದುಮಾಡಿ, ಬೇಯಿಸಿದ ಮೊಟ್ಟೆಯ ಹಳದಿ ಒಂದಿಷ್ಟು ಹಿಸುಕಿ ಸೇರಿಸಿ. ಬರೀ ಗಂಜಿ, ನುಚ್ಚಿನಲ್ಲಿ ಚರ್ಮ ಬೆಳೆಯಲು ಬೇಕಾದ ಪ್ರೋಟೀನ್ ಸಾಲದು. ದಿನಾ ಬೆಳಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬೆಳೆಯುವ ಮರಿ ಏರಬೇಕು. ಒಂದೇ ದಿನದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಕಾಯಬೇಡಿ. ಹಿಕ್ಕೆ ತೆಳು ಹಸಿರಾಗಿದ್ದರೆ ಹೊಟ್ಟೆ ಖಾಲಿ ಎಂದರ್ಥ. ರಕ್ತ ಕಂಡರೆ ಒಳಗಿನ ಪೆಟ್ಟು ಅಥವಾ ರಕ್ತಭೇದಿಯ ಕಾಕ್ಸಿಡಿಯೋಸಿಸ್, ಎರಡಕ್ಕೂ ವೈದ್ಯರೇ.

ಔಷಧ, ಆಸ್ಪತ್ರೆ

ಮನೆಯಲ್ಲಿ ಉಳಿದ ನೋವಿನ ಮಾತ್ರೆಯನ್ನು ಚೂರು ಮಾಡಿ ಕೊಡಬೇಡಿ. ಡೈಕ್ಲೋಫೆನಾಕ್ ಹಕ್ಕಿಗಳ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ರಣಹದ್ದುಗಳು ಅದರಿಂದಲೇ ಸತ್ತ ಕಾರಣಕ್ಕೆ 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದರು. ಆಂಟಿಬಯೋಟಿಕ್ ಕೂಡ ಮರಿಯ ತೂಕ ನೋಡಿ ವೈದ್ಯರು ಬರೆದ ಪ್ರಮಾಣದಲ್ಲಿ, ಅವರು ಹೇಳಿದಷ್ಟು ದಿನ. ಎಷ್ಟು ದಿನದವರೆಗೆ ಆ ಕೋಳಿಯ ಮಾಂಸ, ಮೊಟ್ಟೆ ತಿನ್ನಬಾರದು ಎಂಬುದನ್ನೂ ಕೇಳಿಕೊಳ್ಳಿ. ಪಂಚಾಯತಿನ ಮೃಗಾಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ ವೈದ್ಯರು ಇದ್ದಾರೆಯೇ ಕೇಳಿ. ಸಂಚಾರಿ ಪಶುವೈದ್ಯ ಸೇವೆಯ ಉಚಿತ ಸಂಖ್ಯೆ 1962. ಯಾವ ಪ್ರಾಣಿ ಕಚ್ಚಿತು, ಎಷ್ಟು ಗಂಟೆಗೆ, ಈಗಿನ ತೂಕ ಎಷ್ಟು — ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ಬೆನ್ನುಹುರಿ ಮುರಿದು ಎರಡೂ ಕಾಲು ಸತ್ತಂತಿದ್ದರೆ, ಹೊಟ್ಟೆ ಬಿರಿದಿದ್ದರೆ, ಉಸಿರಿಗಾಗಿ ಒದ್ದಾಡುತ್ತಲೇ ಇದ್ದರೆ ಅದನ್ನು ರಾತ್ರಿಯಿಡೀ ನರಳಲು ಬಿಡುವುದು ದಯೆಯಲ್ಲ. ನೋವಿಲ್ಲದೆ ಮುಗಿಸಲು ವೈದ್ಯರನ್ನು ಕೇಳಲು ಹಿಂಜರಿಯಬೇಡಿ.

ಗುಂಪಿಗೆ ಮರಳಿ ಬಿಡುವಾಗ

ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ, ರಕ್ತದ ರುಚಿ ಸಿಕ್ಕಿದ ಮೇಲೆ ಬಿಡುವುದಿಲ್ಲ. ಗಾಯ ಪೂರ್ತಿ ಮುಚ್ಚಿ, ಗರಿಯ ಮೊಳಕೆ ಬರುವವರೆಗೆ ಬೇರೆಯೇ ಇರಲಿ. ಒಂಟಿಯಾದ ಮರಿ ಕೂಗಿ ಕೂಗಿ ಸೊರಗುವುದರಿಂದ ಪೆಟ್ಟಿಗೆಯನ್ನು ಗೂಡಿನ ಪಕ್ಕದಲ್ಲಿ, ತಂತಿಬಲೆಯಾಚೆ ಒಡಹುಟ್ಟಿದ ಮರಿಗಳು ಕಾಣುವಂತೆ ಇಡಿ. ಬಿಡುವ ದಿನ ಸಂಜೆ ಗೂಡು ಸೇರುವ ಹೊತ್ತಿಗೆ ಒಳಗೆ ಸೇರಿಸಿ, ಮರುದಿನ ಬೆಳಗ್ಗೆ ಗೂಡು ತೆರೆದ ಮೇಲೆ ಅರ್ಧ ಗಂಟೆ ಹತ್ತಿರವೇ ನಿಂತು ನೋಡಿ. ಒಂದೆರಡು ಕುಕ್ಕು ಸಹಜ. ಮೂಲೆಗೆ ಅಟ್ಟಿ ತಲೆಗೇ ಕುಕ್ಕುತ್ತಿದ್ದರೆ ಮತ್ತೆ ನಾಲ್ಕು ದಿನ ಬಲೆಯಾಚೆ. ಪ್ರತಿ ಸಲ ಮರಿಯನ್ನು ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಸಾಲ್ಮೊನೆಲ್ಲಾ ಆರೋಗ್ಯವಾಗಿ ಕಾಣುವ ಮರಿಯಲ್ಲೂ ಇರುತ್ತದೆ. ಪೆಟ್ಟಿಗೆ ಅಡುಗೆಮನೆಯ ಒಳಗೆ ಬೇಡ, ಜಗಲಿಯ ಮೂಲೆಯಲ್ಲಿರಲಿ.